ಭೀಮೆಯ ಉಗಮದೆಡೆಗೆ



ಸೊಲ್ಲಾಪುರದ ನಲ್ಲಿಗಳಿಗೆ ಉಜನಿ ಜಲಾಶಯದಿಂದ ಭೀಮೆಯ ನೀರು ಬರುತ್ತದೆ. ಅಕ್ಕಲಕೋಟೆ ತಾಲೂಕಿನ ಗಡಿಯನ್ನು ತೊಳೆದು ಅದೇ ಭೀಮೆ ಕರ್ನಾಟಕಕ್ಕೆ ಸಾಗುತ್ತದೆ. ಬಯಲುಸೀಮೆಯ ನಮ್ಮ ಮಕ್ಕಳಲ್ಲಿ ಅದರ ಉಗಮವನ್ನು ಕಂಡವರು ವಿರಳ. ಆದುದರಿಂದ ಶತಮಾನೋತ್ಸವದ ಈ ವರ್ಷ ದೀಪಾವಳಿ ರಜೆಯ ಪ್ರವಾಸವನ್ನು ಸಹ್ಯಾದ್ರಿಯ ಭೀಮಾಶಂಕರಕ್ಕೆ ಯೋಜಿಸೋಣವೆಂಬುದು ನಮ್ಮ ಬಿನ್ನಹ. ಅದು ಜ್ಯೋತಿರ್ಲಿಂಗದ ಕ್ಷೇತ್ರ. ಮಹಾರಾಷ್ಟ್ರದ ರಾಜ್ಯಪ್ರಾಣಿಯಾದ ಶೇಕರು ಎಂಬ ದೊಡ್ಡ ಕೆಂದಳಿಲಿನ ಅಭಯಾರಣ್ಯ.

ಮಳೆಗಾಲದ ಪ್ರವಾಸ ಬೇಡ. 2014ರ ಜುಲೈ 30ರಂದು ಆ ಸೀಮೆಯ ಮಾಳಿಣ ಗ್ರಾಮದ ಮೇಲೆ ಗುಡ್ಡ ಕುಸಿದು ನೂರೈವತ್ತಕ್ಕೂ ಹೆಚ್ಚು ಜನರು ಮಡಿದರು. ಕೊಂಕಣದ ಕಡೆಯ ಖಾಂಡಸದಿಂದ ಏರುವ ಶಿಡಿ ಘಾಟಿನ ಏಣಿದಾರಿಯೂ ಮಕ್ಕಳಿಗೆ ತಕ್ಕುದಲ್ಲ. ಮಂಚರದ ಮೂಲಕ ಹೋಗುವ ಬಸ್ಸಿನ ದಾರಿಯೇ ಲೇಸು. ಅರಣ್ಯ ಇಲಾಖೆಯ ಅನುಮತಿ, ಸ್ಥಳೀಯ ಮಾರ್ಗದರ್ಶಿ, ಕತ್ತಲಾಗುವ ಮುನ್ನ ಕಾಡಿನಿಂದ ಮರಳುವ ವೇಳೆ, ಇವು ಮೊದಲೇ ನಿಶ್ಚಯವಾಗಲಿ. ಬುತ್ತಿಗೆ ಕೆಡದ ಕಡಕ ರೊಟ್ಟಿ, ಶೇಂಗಾ ಚಟ್ನಿ ಇರಲಿ.

ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಮರಳಿ ತರೋಣ. ಅಲ್ಲಿ ಎಸೆದ ಕಸವು ನಾವು ಕುಡಿಯುವ ನೀರಿಗೇ ಇಳಿದು ಬರುತ್ತದೆ. ಇದನ್ನು ಮಕ್ಕಳು ಕಣ್ಣಾರೆ ಕಂಡು ಅರಿತರೆ ಪ್ರವಾಸವು ಸಾರ್ಥಕವಾದಂತೆಯೇ ಸರಿ.