ನೆರೆಯವರ ಮೈತ್ರಿಯೂ ಚಿಕ್ಕ ನಾಡುಗಳ ಬಲವೂ



ಅನೇಕ ರಾಷ್ಟ್ರಗಳು ಸೇರಿ ಒಕ್ಕೂಟವೊಂದನ್ನು ಕಟ್ಟಿಕೊಂಡಲ್ಲಿ ದೊಡ್ಡವರ ಮಾತೇ ನಡೆಯುವುದು, ಚಿಕ್ಕವರಿಗೆ ತಲೆದೂಗುವುದಷ್ಟೇ ಉಳಿಯುವುದು ಎಂದು ಹಲವರು ಭಾವಿಸುತ್ತಾರೆ. ಯುರೋಪಿನ ಮೂರು ಚಿಕ್ಕ ನಾಡುಗಳ ಚರಿತ್ರೆಯು ಈ ಭಾವನೆಯನ್ನು ಬಹುಮಟ್ಟಿಗೆ ಸುಳ್ಳುಮಾಡಿದೆ. ಅದನ್ನೇ ಇಂದು ತಮ್ಮ ಮುಂದೆ ನಿವೇದಿಸಬಯಸುತ್ತೇವೆ.

ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಈ ಮೂರೂ ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವಶವಾದವು. ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಅವುಗಳ ಸರಕಾರಗಳು 1944ರ ಸೆಪ್ಟೆಂಬರಿನಲ್ಲಿ ಸುಂಕದ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಅದು 1948ರಲ್ಲಿ ಜಾರಿಗೆ ಬಂದಿತು. ಮೂರು ಹೆಸರುಗಳ ಮೊದಲಕ್ಷರಗಳಿಂದ ಆ ಕೂಟಕ್ಕೆ ‘ಬೆನೆಲಕ್ಸ್’ ಎಂದು ಹೆಸರಾಯಿತು.

1954ರಲ್ಲಿ ಫ್ರಾನ್ಸಿನ ಶಾಸನಸಭೆಯು ಯುರೋಪಿನ ಸಂಯುಕ್ತ ಸೈನ್ಯದ ಯೋಜನೆಯನ್ನು ತಳ್ಳಿಹಾಕಿದಾಗ ಐಕ್ಯದ ಮಾತೇ ನಿಂತುಹೋಗುವಂತಿತ್ತು. ಆಗ ಮುಂದಾದವರಾರು? ಈ ಮೂವರೇ! ನೆದರ್ಲೆಂಡ್ಸಿನ ಬೇಯೆನ್, ಬೆಲ್ಜಿಯಮ್ಮಿನ ಸ್ಪಾಕ್, ಲಕ್ಸೆಂಬರ್ಗಿನ ಬೆಶ್ ಇವರು ಕೂಡಿ 1955ರ ಮೇ ತಿಂಗಳಲ್ಲಿ ಒಂದು ನಿವೇದನೆಯನ್ನು ಮುಂದಿಟ್ಟರು. ಜೂನಿನ ಮೆಸ್ಸೀನಾ ಸಮ್ಮೇಲನವು ಅದನ್ನು ಆಧಾರವಾಗಿಟ್ಟುಕೊಂಡಿತು; 1957ರ ರೋಮ್ ಒಪ್ಪಂದಕ್ಕೆ ಅಲ್ಲಿಯೇ ದಾರಿಯಾಯಿತು.

ಆ ಒಪ್ಪಂದದಂತೆ ಮಂತ್ರಿಪರಿಷತ್ತಿನಲ್ಲಿದ್ದ ಮತಗಳು 17. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿಗಳಿಗೆ ತಲಾ 4, ಬೆಲ್ಜಿಯಂ, ನೆದರ್ಲೆಂಡ್ಸ್‌ಗಳಿಗೆ ತಲಾ 2, ಲಕ್ಸೆಂಬರ್ಗಿಗೆ 1. ಬಹುಮತದಿಂದ ತೀರ್ಮಾನವಾಗತಕ್ಕ ವಿಷಯಗಳಿಗೆ 12 ಮತಗಳು ಬೇಕಾಗಿದ್ದವು. ಉಳಿದವರ ಮತಗಳೆಲ್ಲವೂ ಸಮಸಂಖ್ಯೆಗಳಾದುದರಿಂದ ಲಕ್ಸೆಂಬರ್ಗಿನ ಒಂಟಿ ಮತವು ಯಾವ ತೀರ್ಮಾನವನ್ನೂ ಬದಲಿಸುವಂತಿರಲಿಲ್ಲ. ಆದರೆ ಮೂವರ ಮತಗಳು ಕೂಡಿದರೆ 5. ಯಾವ ದೊಡ್ಡ ರಾಷ್ಟ್ರಕ್ಕಿಂತಲೂ ಒಂದು ಹೆಚ್ಚು! ಮೂವರು ದೊಡ್ಡವರೂ ಒಮ್ಮತವಾದರೆ 12 ಆಗುತ್ತಿದ್ದುದು ನಿಜ. ಅವರಲ್ಲಿ ಒಬ್ಬರು ಮುನಿದರೋ, ಉಳಿದಿಬ್ಬರು 8ಕ್ಕೇ ನಿಲ್ಲುವರು. ಈ ನೆರೆಯವರ ಕೈಹಿಡಿಯದೆ ಗತಿಯಿರಲಿಲ್ಲ.

ಇಂಥ ಮೈತ್ರಿಯೂ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ. 2000ದ ಡಿಸೆಂಬರಿನಲ್ಲಿ ನೀಸ್ ನಗರದಲ್ಲಿ ಮತಗಳನ್ನು ಹೊಸದಾಗಿ ಹಂಚುವಾಗ, ಜನಸಂಖ್ಯೆಯಲ್ಲಿ ಹಿರಿದಾದ ನೆದರ್ಲೆಂಡ್ಸ್ ತನಗೆ ಬೆಲ್ಜಿಯಮ್ಮಿಗಿಂತ ಹೆಚ್ಚಿನ ಪಾಲನ್ನು ಕೇಳಿತು. ಅದುವರೆಗೆ ಸಮಾನರಾಗಿದ್ದ ನೆರೆಯವರು ಜಗ್ಗಾಡಿ ಕೊನೆಗೆ 13, 12 ಎಂದು ಹಂಚಿಕೊಂಡರು. ಒಂದು ಮತದ ಲಾಭಕ್ಕೆ ಎಷ್ಟು ಸ್ನೇಹವನ್ನು ತೆರಬೇಕಾಯಿತೆಂಬುದನ್ನು ತಾವೇ ಆಲೋಚಿಸಬೇಕು.

ಇಂದು ಒಕ್ಕೂಟದಲ್ಲಿ 27 ರಾಷ್ಟ್ರಗಳಿವೆ. ಬಹುಮತದ ವಿಷಯಗಳಲ್ಲಿ 15 ರಾಷ್ಟ್ರಗಳೂ ಒಟ್ಟು ಜನಸಂಖ್ಯೆಯ ನೂರಕ್ಕೆ 65 ಪಾಲೂ ಕೂಡಿಬರಬೇಕು. ಈ ಮೂವರೇ ನಿಂತು ನಿರ್ಣಯವನ್ನು ತಡೆಯಲಾರರು. ಆದರೂ ಮಹಾಸಭೆಗೆ ಮೊದಲು ತಮ್ಮಲ್ಲಿ ಸಮಾಲೋಚಿಸುವ ಪದ್ಧತಿಯನ್ನು ಅವರು ಬಿಟ್ಟಿಲ್ಲ. ಬಿಡದಿರುವುದೇ ವಿವೇಕ. ಮತಗಳ ಎಣಿಕೆ ನಡೆಯುವುದು ಸಭೆಯಲ್ಲಿ. ಮಾತಿಗೆ ತೂಕ ಬರುವುದು ಅದಕ್ಕೂ ಮೊದಲೇ, ನೆರೆಮನೆಯ ಜಗಲಿಯಲ್ಲಿ.