ಬೆಳಕಿನಿಂದ ಕಾಲವನ್ನು ಅಳೆದವರು

(ವಿದ್ಯಾರ್ಥಿಗಳ ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ತಿರುಗುವ ಫ್ಯಾನಿನ ಫೋಟೋ ತೆಗೆದು ನೋಡಿ. ರೆಕ್ಕೆಗಳು ಮಸುಕಾಗಿರುತ್ತವೆ. ಕ್ಯಾಮರಾ ಕಣ್ಣು ಮುಚ್ಚುವಷ್ಟರಲ್ಲಿ ರೆಕ್ಕೆ ಮುಂದೆ ಹೋಗಿರುತ್ತದೆ. ಅಣುಗಳನ್ನು ನೋಡಬಯಸಿದ ವಿಜ್ಞಾನಿಗಳಿಗೂ ಬಹುಕಾಲ ಇದೇ ತೊಡಕಿತ್ತು. ಅಣುವಿನ ಬಂಧ ಮುರಿಯುವುದು ಫೆಮ್ಟೋಸೆಕೆಂಡುಗಳ ಲೆಕ್ಕದಲ್ಲಿ. ಒಂದು ಸೆಕೆಂಡನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಮತ್ತೆ ಹತ್ತು ಕೋಟಿ ಪಾಲು ಮಾಡಿದರೆ ಸಿಗುವ ಚೂರೇ ಫೆಮ್ಟೋಸೆಕೆಂಡ್. ಇದನ್ನು ಅಳೆಯುವ ಗಡಿಯಾರ ಎಲ್ಲಿದೆ?

ಡಾ. ಅಹ್ಮದ್ ಝುವೈಲ್ ಗಡಿಯಾರ ಹುಡುಕಲಿಲ್ಲ. ಲೇಸರಿನ ಅತಿ ಚಿಕ್ಕ ಮಿಂಚನ್ನು ಎರಡಾಗಿ ಒಡೆದರು. ಮೊದಲನೆಯದು ಅಣುವಿಗೆ ತಾಗಿ ಕ್ರಿಯೆಯನ್ನು ಆರಂಭಿಸುತ್ತದೆ. ಎರಡನೆಯದು ತುಸು ತಡವಾಗಿ ಬಂದು ಅಣುವಿನ ಆ ಕ್ಷಣದ ಸ್ಥಿತಿಯನ್ನು ಹಿಡಿಯುತ್ತದೆ. ತಡ ಮಾಡಿಸುವುದು ಹೇಗೆ? ಅದರ ದಾರಿಯ ಕನ್ನಡಿಯನ್ನು ಚೂರು ಹಿಂದೆ ಸರಿಸಿದರಾಯಿತು. ಬೆಳಕು ಒಂದು ಫೆಮ್ಟೋಸೆಕೆಂಡಿನಲ್ಲಿ ಕ್ರಮಿಸುವುದು ಕೇವಲ 0.3 ಮೈಕ್ರೋಮೀಟರ್. ಹೀಗೆ ದೂರವನ್ನು ಅಳೆದು ಕಾಲವನ್ನು ತಿಳಿಯಬಹುದು! 1987ರ ಹೊತ್ತಿಗೆ ಅಯೋಡಿನ್ ಸಯನೈಡ್ ಅಣು ಸುಮಾರು 200 ಫೆಮ್ಟೋಸೆಕೆಂಡಿನಲ್ಲಿ ಒಡೆಯುವುದನ್ನು ಅವರ ತಂಡ ತೋರಿಸಿತು. 1999ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು. 2016ರಲ್ಲಿ ಅವರು ತೀರಿಕೊಂಡರು.

ಇದು ಅಮೆರಿಕದ ಕಥೆಯೆಂದು ನೀವು ತಿಳಿಯಬಾರದು. 1946ರಲ್ಲಿ ಈಜಿಪ್ಟಿನ ದಮನ್‌ಹೂರಿನಲ್ಲಿ ಹುಟ್ಟಿದ ಝುವೈಲ್ ಬಿ.ಎಸ್ಸಿ., ಎಂ.ಎಸ್ಸಿ. ಎರಡನ್ನೂ ಓದಿದ್ದು ತಮ್ಮ ನಾಡಿನ ಅಲೆಕ್ಸಾಂಡ್ರಿಯಾ ವಿಶ್ವವಿದ್ಯಾನಿಲಯದಲ್ಲೇ.

ನಮ್ಮ ರಾಜ್ಯದಲ್ಲೂ ಈ ಕೆಲಸ ನಡೆದಿದೆ. ಸರ್ ಸಿ.ವಿ. ರಾಮನ್ 1933ರಲ್ಲಿ ಸೇರಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಪ್ರೊ. ಶಿವ ಉಮಾಪತಿ ಮತ್ತು ಅವರ ವಿದ್ಯಾರ್ಥಿಗಳು ರಾಮನ್ ಪರಿಣಾಮವನ್ನು ಇಂಥ ಕ್ಷಿಪ್ರ ಲೇಸರಿಗೆ ಜೋಡಿಸಿ 'ಅಲ್ಟ್ರಾಫಾಸ್ಟ್ ರಾಮನ್ ಲಾಸ್' ಎಂಬ ವಿಧಾನವನ್ನು ರೂಪಿಸಿದರು. ಮಂಗಳೂರಿನಿಂದ ಬಸ್ಸು ಹತ್ತಿ ಹೋಗಬಹುದಾದ ಮಣಿಪಾಲದಲ್ಲೂ ಲೇಸರ್ ಸ್ಪೆಕ್ಟ್ರೋಸ್ಕೋಪಿಯ ಸಂಶೋಧನೆ ನಡೆಯುತ್ತದೆ.

ನಮ್ಮ ಸಭೆಗಳಲ್ಲಿ ಇಬ್ನುಲ್ ಹೈಸಮರ ಹೆಸರೆತ್ತಿ ಹೆಮ್ಮೆಪಡುವುದು ವಾಡಿಕೆ. ಬೆಳಕಿನ ಬಗ್ಗೆ ಅವರು ಬರೆದು ಸಾವಿರ ವರ್ಷವಾಯಿತು. ಆ ಹೆಮ್ಮೆಯಲ್ಲೇ ಎಷ್ಟು ದಿನ ಕೂರುವುದು? ಮಗ ಭೌತಶಾಸ್ತ್ರ ಓದುತ್ತೇನೆಂದರೆ "ಅದರಿಂದ ಕೆಲಸ ಸಿಗುತ್ತದಾ?" ಎಂದು ಕೇಳುತ್ತೇವೆ. ಮಗಳಿಗಂತೂ ಪದವಿಯೇ ಸಾಕೆನ್ನುತ್ತೇವೆ. ಫೆಮ್ಟೋಸೆಕೆಂಡಿಗಿಂತಲೂ ಚಿಕ್ಕದಾದ ಅಟ್ಟೋಸೆಕೆಂಡ್ ಮಿಂಚಿನ ಕೆಲಸಕ್ಕಾಗಿ 2023ರ ನೊಬೆಲ್ ಪಡೆದ ಮೂವರಲ್ಲಿ ಆನ್ ಲುಯ್ಲಿಯೆ ಎಂಬ ಮಹಿಳೆ ಇದ್ದಾರೆ, ನೆನಪಿರಲಿ.

ಪಿಯುಸಿ ವಿಜ್ಞಾನದ ಮಕ್ಕಳೇ, ನೀಟ್, ಸಿಇಟಿ ಅರ್ಜಿಗಳ ಜೊತೆಗೆ ಐಸರ್ ಸಂಸ್ಥೆಗಳ ಐಎಟಿ ಪರೀಕ್ಷೆಗೂ ಅರ್ಜಿ ಹಾಕಿ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೂ ಪಿಯುಸಿ ನಂತರ ಸೇರಬಹುದಾದ ನಾಲ್ಕು ವರ್ಷಗಳ ಸಂಶೋಧನಾ ಪದವಿಯಿದೆ. ಅದರ ಪ್ರವೇಶದ ನಿಯಮಗಳನ್ನು ಈಗಲೇ ನಿಮ್ಮ ಉಪನ್ಯಾಸಕರಲ್ಲಿ ಕೇಳಿ ತಿಳಿದುಕೊಳ್ಳಿ.