ದಲ್ಲಾಳಿಯ ಬಂಡವಾಳ

ಮನೆ, ನಿವೇಶನಗಳ ದಲ್ಲಾಳಿತನವನ್ನು ವೃತ್ತಿಯಾಗಿ ಆರಿಸಿಕೊಳ್ಳುವ ತರುಣರು ಇಂದು ಬೆಂಗಳೂರಿನಲ್ಲಿ ಅನೇಕರಿದ್ದಾರೆ. ಅವರ ಮೊದಲ ಕಷ್ಟ ಜೀವನೋಪಾಯದ್ದು. ಇಲ್ಲಿ ತಿಂಗಳ ಸಂಬಳವಿಲ್ಲ. ವ್ಯವಹಾರ ಕುದುರಿದರೆ ಕಮಿಷನ್, ಮುರಿದರೆ ತಿರುಗಾಟವಷ್ಟೇ ಉಳಿಯುತ್ತದೆ. ಆಗಲೇ ಪ್ರಲೋಭನೆ ಹುಟ್ಟುವುದು. ಖಾತೆಯೊಂದಿದ್ದರೆ ಸಾಕೆಂದು ಕೊಳ್ಳುವವರನ್ನು ನಂಬಿಸುವುದು ಸುಲಭ. ಆದರೆ ಖಾತೆಯು ತೆರಿಗೆಯ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಮೂಲಪತ್ರಗಳನ್ನೂ ಋಣಭಾರ ಪತ್ರವನ್ನೂ ಓದಲು ಹೊಸಬನು ಕಲಿಯಲೇಬೇಕು. 2016ರ ರಿಯಲ್ ಎಸ್ಟೇಟ್ ಕಾಯಿದೆಯು ದಲ್ಲಾಳಿಗಳಿಗೂ ನೋಂದಣಿಯನ್ನು ವಿಧಿಸಿದೆ. ನೋಂದಾಯಿಸಬೇಕಾಗಿದ್ದೂ ನೋಂದಾಯಿಸದ ಯೋಜನೆಗಳ ಮಾರಾಟಕ್ಕೆ ಅವರು ನೆರವಾಗುವುದನ್ನು ನಿಷೇಧಿಸಿದೆ. ಆದರೆ ಕೈಗೆ ಬರುವ ಹಣವನ್ನು ಬಿಟ್ಟು, “ಈ ಮನೆ ನಿಮಗೆ ಬೇಡ” ಎನ್ನುವ ಧೈರ್ಯವನ್ನು ಯಾವ ಕಾನೂನೂ ಕೊಡಲಾರದು. ಒಂದು ಕುಟುಂಬದ ಜೀವಮಾನದ ಉಳಿತಾಯ ಆ ಮಾತನ್ನೇ ನಂಬಿರುತ್ತದೆ. ಬರಿಗೈಯಲ್ಲಿ ಕೆಲವು ತಿಂಗಳು ಪ್ರಾಮಾಣಿಕನಾಗಿರಬಲ್ಲೆನೆ ಎಂದು ತರುಣನು ಮೊದಲೇ ತನ್ನನ್ನು ಕೇಳಿಕೊಳ್ಳುವುದು ಒಳ್ಳೆಯದು.